ಬಣ್ಣ ಒಣಗ್ತಾ?

ನನ್ನ ಮೊದಲ ದೊಡ್ಡ ಆಯಿಲ್ ಪೇಂಟಿಂಗ್ ಬೆಂಗಳೂರಿನಿಂದ ದಾವಣಗೆರೆಗೆ ಹೋಗಿದ್ದು ರಾತ್ರಿ ಬಸ್ಸಿನಲ್ಲಿ, ಬಬಲ್ ರ‍್ಯಾಪ್ ಸುತ್ತಿಕೊಂಡು, ನನ್ನ ತೊಡೆಯ ಮೇಲೆ. ಅಪ್ಪಾಜಿಗೆ 60 ತುಂಬುವ ದಿನ ಕೊಡಬೇಕು ಅಂತ ಮೂರು ವಾರ ಆಫೀಸ್ ಮುಗಿಸಿ ರಾತ್ರಿ ಕೂತು ಮಾಡಿದ್ದೆ. ಬೆಳಗ್ಗೆ ನಡುಮನೆಯಲ್ಲಿ ಎಲ್ಲರ ಎದುರು ಬಿಚ್ಚಿದರೆ ಪ್ಲಾಸ್ಟಿಕ್ ಜೊತೆ ಬಣ್ಣವೂ ಎದ್ದು ಬಂತು. ಚಿತ್ರದ ಮೇಲೆ ಸಾಲು ಸಾಲಾಗಿ ದುಂಡನೆಯ ಗುಳಿಗಳು, ಪಡ್ಡಿನ ಹಂಚಿನ ಹಾಗೆ.

ಚಿಕ್ಕಪ್ಪನ ಮಗ ಜೋರಾಗಿ ನಕ್ಕ. ಅಮ್ಮ, "ಇರ್ಲಿ ಬಿಡು, ದೂರದಿಂದ ಚೆನ್ನಾಗೇ ಕಾಣ್ತೈತೆ" ಅಂದಳು. ಅಪ್ಪಾಜಿ ಮಾತ್ರ ಕ್ಯಾನ್ವಾಸನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು.

"ಅಗಸೆ ಎಣ್ಣೆ" ಅಂದರು. ಅಷ್ಟೇ. ಚಿತ್ರವನ್ನು ಗೋಡೆಗೆ ಒರಗಿಸಿಟ್ಟು ಸ್ನಾನಕ್ಕೆ ಹೋದರು.

ಆ ವಾಸನೆ ಅವರಿಗೆ ಹೇಗೆ ಗೊತ್ತು ಅಂದರೆ, ಅಪ್ಪಾಜಿ ಬೋರ್ಡ್ ಬರೆಯುತ್ತಿದ್ದವರು. ಬಟ್ಟೆ ಅಂಗಡಿ, ಖಾನಾವಳಿ, ಶಾಲೆ, ಲಾರಿ, ನಂಬರ್ ಪ್ಲೇಟು, ಯಾವುದಾದರೂ ಸರಿ. ನಾನು ಹುಟ್ಟಿದ ವರ್ಷ ತಮ್ಮ ಪುಟ್ಟ ಅಂಗಡಿಗೆ ನನ್ನ ಹೆಸರಿಟ್ಟು, ಮುಂದೆ 'ಆರ್ಟ್ಸ್' ಅಂತ ಸೇರಿಸಿದ್ದರು. ಕೆಂಪು ಬೋರ್ಡು, ಬಿಳಿ ಅಕ್ಷರ. ನಾನು ಪ್ರೈಮರಿ ಶಾಲೆ ಮುಗಿಸುವ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಅರ್ಧ ಗಂಟೆಯಲ್ಲಿ ಪ್ರಿಂಟ್ ಆಗಿ ಬರೋದು. ಆಮೇಲೆ ಅಪ್ಪಾಜಿ ಜೊತೆ ಬೈಕಲ್ಲಿ ಹೋಗುವುದೇ ಒಂದು ಶಿಕ್ಷೆ. ಪ್ರತಿ ಫ್ಲೆಕ್ಸ್ ಮುಂದೆಯೂ ಗಾಡಿ ನಿಧಾನ ಮಾಡಿ, "ನೋಡು, ಜಾಗ ಸಾಲ್ದು ಅಂತ ಅಕ್ಷರನ ಹೆಂಗೆ ಹಿಂಡಿ ಹಾಕವ್ನೆ" ಅನ್ನುತ್ತಿದ್ದರು.

ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಈ ಮನೇಲಿ ಬ್ರಷ್ ಹಿಡಿಯೋದು ನನಗೇ ಕೊನೆ ಆಗ್ಲಿ." ಅದಕ್ಕೇ ಒಂದು ವರ್ಷದಿಂದ ನಾನು ಪೇಂಟ್ ಮಾಡುತ್ತಿರುವ ವಿಷಯ ಅವರಿಗೆ ಹೇಳಿರಲಿಲ್ಲ. ಆ ಕೆಂಪು ಬೋರ್ಡಿನ ಅಂಗಡಿಯ ಚಿತ್ರವನ್ನೇ ಮಾಡಿ, ಒಂದೇ ಸಲ ಎರಡೂ ವಿಷಯ ಹೇಳಿಬಿಡೋಣ ಅಂದುಕೊಂಡಿದ್ದೆ. ಅಂಗಡಿ ಇದ್ದ ಕಟ್ಟಡವನ್ನು ಮಾಲೀಕರು ಕೆಡವುತ್ತಾರೆ ಅಂತ ಬೇರೆ ಸುದ್ದಿ ಬಂದಿತ್ತು.

ನಾನು ಶುರು ಮಾಡಿದ್ದು ಚಿತ್ರಸಂತೆಯಿಂದ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಮಾಡುತ್ತಾರಲ್ಲ, ಅದಕ್ಕೆ ಫ್ರೆಂಡ್ಸ್ ಜೊತೆ ಹೋಗಿದ್ದೆ. ಫುಟ್‌ಪಾತ್ ಮೇಲೆ ಕೂತು ಒಬ್ಬ ಹಿರಿಯರು ಪೇಂಟ್ ಮಾಡುತ್ತಿದ್ದರು. ಅವರ ಪಕ್ಕದ ಡಬ್ಬಿಯಿಂದ ನಮ್ಮ ಅಂಗಡಿಯ ವಾಸನೆ ಬಂತು, ಟರ್ಪೆಂಟೈನ್ ಮತ್ತು ಅಗಸೆ ಎಣ್ಣೆ. ಜನ ಮುಂದೆ ಹೋದರೂ ನಾನು ಅಲ್ಲೇ ನಿಂತಿದ್ದೆ. ಮಾರನೆಯ ದಿನವೇ ಸಾಮಾನು ತರಲು ಹೋದೆ.

ನೀವೂ ಶುರು ಮಾಡಬೇಕು ಅಂತಿದ್ದರೆ ನಾನು ಕಲಿತಿದ್ದನ್ನು ಹೇಳ್ತೀನಿ.

ಆಯಿಲ್ ಪೇಂಟ್ ಅಂದರೆ ಎರಡೇ ವಸ್ತು. ನುಣ್ಣಗೆ ಅರೆದ ಬಣ್ಣದ ಪುಡಿ ಮತ್ತು ಒಣಗುವ ಎಣ್ಣೆ. ಎಣ್ಣೆ ಎಲ್ಲಾದರೂ ಒಣಗುತ್ತಾ ಅಂತ ನಾನೂ ಕೇಳಿದ್ದೆ. ಕೊಬ್ಬರಿ ಎಣ್ಣೆ ಒಣಗಲ್ಲ. ಆದರೆ ಅಡುಗೆಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಬಾಟಲಿ ಕುತ್ತಿಗೆ ಮುಟ್ಟಿ ನೋಡಿ, ಅಂಟು ಅಂಟಾಗಿ, ಉಜ್ಜಿದರೂ ಹೋಗದ ಒಂದು ಪದರ ಇರುತ್ತದೆ. ಅಗಸೆ ಎಣ್ಣೆ ಅದಕ್ಕಿಂತ ಬೇಗ, ಗಟ್ಟಿಯಾಗಿ ಹಾಗೆ ಆಗುತ್ತದೆ. ಉತ್ತರ ಕರ್ನಾಟಕದ ಕಡೆ ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸೆ. ಬಿಳಿ ಬಣ್ಣಕ್ಕೆ ಕೆಲವು ಕಂಪನಿಗಳು ಕುಸುಬೆ ಎಣ್ಣೆ ಹಾಕುತ್ತವೆ, ಯಾಕೆಂದರೆ ಅದು ಅಷ್ಟಾಗಿ ಹಳದಿ ತಿರುಗುವುದಿಲ್ಲ. ಒಣಗೋದು ಇನ್ನೂ ನಿಧಾನ.

ಇಲ್ಲಿ 'ಒಣಗೋದು' ಅನ್ನೋ ಪದವೇ ಸ್ವಲ್ಪ ತಪ್ಪು. ಬಟ್ಟೆ ಒಣಗುವಾಗ ನೀರು ಆವಿಯಾಗಿ ಹೋಗುತ್ತದೆ. ವಾಟರ್ ಕಲರ್, ಅಕ್ರಿಲಿಕ್ ಎಲ್ಲ ಒಣಗುವುದು ಹಾಗೇ. ಎಣ್ಣೆಯಿಂದ ಏನೂ ಆವಿಯಾಗಬೇಕಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಶುರುವಿನಲ್ಲಿ ಪೇಂಟಿಂಗಿನ ತೂಕ ಕಮ್ಮಿಯಾಗುವ ಬದಲು ಸ್ವಲ್ಪ ಜಾಸ್ತಿಯಾಗುತ್ತದೆ! ಇದನ್ನು ಓದಿದ ದಿನ ನಾನು ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಯಾರಿಗೂ ಆಸಕ್ತಿ ಇರಲಿಲ್ಲ.

ಗಾಳಿ ತಾಗುವುದು ಮೇಲಿನ ಮೈಗೆ. ಅದಕ್ಕೇ ಮೇಲೆ ಕೆನೆ ಕಟ್ಟಿದ ಹಾಗೆ ಗಟ್ಟಿಯಾಗಿದ್ದರೂ ಒಳಗೆ ಹಸಿ ಇರುತ್ತದೆ. ಬಸ್ಸು ಹತ್ತುವ ಮುಂಚೆ ಬೆರಳಿಂದ ಮುಟ್ಟಿ ನೋಡಿದಾಗ ನನಗೆ ಸಿಕ್ಕಿದ್ದು ಬರೀ ಕೆನೆ.

ಎಣ್ಣೆಬಣ್ಣ ಯುರೋಪಿನವರು ಕಂಡುಹಿಡಿದದ್ದು, ಅದೂ 15ನೇ ಶತಮಾನದ ವ್ಯಾನ್ ಐಕ್ ಅನ್ನುವ ಚಿತ್ರಕಾರ ಅಂತ ಬಹಳ ಕಾಲ ಹೇಳುತ್ತಿದ್ದರು. ಆತ ಅದರಲ್ಲಿ ಮಹಾ ನಿಪುಣ, ನಿಜ. ಆದರೆ ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಗೋಡೆಯ ಮೇಲೆ ಸುಮಾರು 7ನೇ ಶತಮಾನದಲ್ಲೇ ಒಣಗುವ ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಸಿದ್ದಾರೆ ಅಂತ 2008ರಲ್ಲಿ ಪತ್ತೆಯಾಯಿತು. ಬುದ್ಧನ ದೊಡ್ಡ ಮೂರ್ತಿಗಳನ್ನು ಒಡೆದು ಹಾಕಿದರಲ್ಲ, ಅದೇ ಜಾಗ.

ಈಗ ನಾವು ಒತ್ತಿ ಬಣ್ಣ ತೆಗೆಯುವ ಟ್ಯೂಬು ಬಂದಿದ್ದು 1841ರಲ್ಲಿ, ಜಾನ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರನಿಂದ. ಅದಕ್ಕೂ ಮುಂಚೆ ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂದ ಮೇಲೆ ಬಣ್ಣ ಜೇಬಿಗೆ ಹಾಕಿಕೊಂಡು ಬಯಲಿಗೆ ಹೋಗಿ ಚಿತ್ರ ಬಿಡಿಸುವುದು ಸುಲಭವಾಯಿತು.

ಟ್ಯೂಬು ಕೊಳ್ಳುವಾಗ ನಾನು ಮಾಡಿದ ತಪ್ಪು, 24 ಬಣ್ಣದ ಸೆಟ್ ತಂದಿದ್ದು. ಅರ್ಧ ಈಗಲೂ ಬಿಚ್ಚಿಲ್ಲ. ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಒಂದು ಒಳ್ಳೆ ಹಳದಿ, ಕ್ಯಾಡ್ಮಿಯಂ ರೆಡ್, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಅಂಬರ್. ಏಳು ಸಾಕು. ಬಿಳಿ ಮಾತ್ರ ದೊಡ್ಡ ಟ್ಯೂಬ್ ತಗೊಳ್ಳಿ, ಬೇರೆಲ್ಲಕ್ಕಿಂತ ಮೊದಲು ಖಾಲಿಯಾಗೋದು ಅದೇ. ಕಪ್ಪು ಬೇಕಾದರೆ ಅಲ್ಟ್ರಾಮರೀನ್ ಮತ್ತು ಅಂಬರ್ ಕಲಸಿ, ಟ್ಯೂಬಿನ ಕಪ್ಪಿಗಿಂತ ಜೀವಂತವಾಗಿರುತ್ತದೆ. ಟ್ಯೂಬಿನ ಮೇಲೆ ಬಣ್ಣದ ಹೆಸರಿನ ಪಕ್ಕ 'ಹ್ಯೂ' ಅಂತ ಇದ್ದರೆ, ಅದು ಸಾಮಾನ್ಯವಾಗಿ ದುಬಾರಿ ಪುಡಿಯ ಬದಲು ಅದೇ ಥರ ಕಾಣುವ ಅಗ್ಗದ ಪುಡಿ ಹಾಕಿದ್ದು ಅಂತ ಅರ್ಥ. ಕಲಿಯುವಾಗ ಅದೇ ಸಾಕು. ಅಲ್ಟ್ರಾಮರೀನ್ ಕೂಡ ಒಂದು ಕಾಲದಲ್ಲಿ ಅಫ್ಘಾನಿಸ್ತಾನದಿಂದ ಬರುವ ಲಾಪಿಸ್ ಕಲ್ಲನ್ನು ಅರೆದು ಮಾಡುತ್ತಿದ್ದ, ಚಿನ್ನದಷ್ಟು ಬೆಲೆಬಾಳುವ ಬಣ್ಣ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ಮಾಡಲು ಕಲಿತರು. ಆಮೇಲೆ ಎಷ್ಟು ಅಗ್ಗವಾಯಿತು ಅಂದರೆ, ಅಜ್ಜಿ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿ ಅದೇ.

ಕ್ಯಾಡ್ಮಿಯಂ ಬಣ್ಣ ಹೊಟ್ಟೆಗೆ ಹೋಗಬಾರದು. ಪೇಂಟ್ ಮಾಡ್ತಾ ಪಕ್ಕದಲ್ಲಿ ಮಂಡಕ್ಕಿ-ಮಿರ್ಚಿ ಇಟ್ಟುಕೊಳ್ಳಬೇಡಿ. ದಾವಣಗೆರೆಯವಳಾಗಿ ಇದನ್ನು ಹೇಳಲು ನನಗೆ ಬೇಸರವಿದೆ.

ಕ್ಯಾನ್ವಾಸ್ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಪ್ರೈಮರ್ ಹಚ್ಚಿದ್ದೇ. ಅದಕ್ಕೆ ಜೆಸ್ಸೋ ಅಂತಾರೆ. ಅದಿಲ್ಲದೆ ಬಟ್ಟೆಯ ಮೇಲೆ ನೇರ ಎಣ್ಣೆ ಬಿದ್ದರೆ ವರ್ಷಗಳು ಕಳೆದ ಹಾಗೆ ಬಟ್ಟೆ ಪುಡಿಯಾಗುತ್ತದೆ. ಬ್ರಷ್ ಮೂರು ನಾಲ್ಕು ಸಾಕು. ಒರಟು ಹಂದಿಕೂದಲಿನದು ಎರಡು, ಮೆತ್ತಗಿನ ಸಿಂಥೆಟಿಕ್ ಎರಡು. ತೊಳೆಯಲು ಪ್ರತಿ ಸಲ ಟರ್ಪೆಂಟೈನ್ ಬೇಕಿಲ್ಲ. ಮೊದಲು ಅಡುಗೆ ಎಣ್ಣೆಯಲ್ಲಿ ಉಜ್ಜಿ ಬಟ್ಟೆಗೆ ಒರೆಸಿ, ಆಮೇಲೆ ಸೋಪು. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆಗೆದಿರಲಿ. ಒಂದೇ ಕೋಣೆಯ ಪೀಜಿಯಲ್ಲಿದ್ದರೆ ರೂಮ್‌ಮೇಟ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಾನು ಮಾತಾಡಿಕೊಂಡಿರಲಿಲ್ಲ.

ಹುಟ್ಟುಹಬ್ಬದ ದಿನಕ್ಕೆ ಮರಳಿ ಬರ್ತೀನಿ. ನೆಂಟರೆಲ್ಲ ಹೋದ ಮೇಲೆ ಸಂಜೆ ಅಪ್ಪಾಜಿ ಚಿತ್ರವನ್ನು ಹಿತ್ತಲಿಗೆ ತಗೊಂಡು ಹೋಗಿ ಬೆಳಕಿಗೆ ಹಿಡಿದು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಕೊನೇದಾಗಿ ಯಾವತ್ತು ಹಚ್ಚಿದ್ದು?"

"ಮೊನ್ನೆ ರಾತ್ರಿ."

"ಅಲ್ಲವ್ವ, ಇಂಜಿನಿಯರ್ ಅಂತೀಯ. ಮೊನ್ನೆ ಹಚ್ಚಿದ್ದನ್ನ ಇವತ್ತು ಪ್ಲಾಸ್ಟಿಕ್ ಸುತ್ತಿ ತರ್ತಾರಾ?"

ಆಮೇಲೆ ಬೆರಳಿಟ್ಟು ತೋರಿಸಿದರು. ಗೋಡೆಗೆ, ಲೈಟ್ ಕಂಬಕ್ಕೆ ನಾನು ಹಚ್ಚಿದ್ದ ಕಂದು ಬಣ್ಣದಲ್ಲಿ ಒಂದು ಗುಳಿಯೂ ಇರಲಿಲ್ಲ. ಹಾಳಾಗಿದ್ದೆಲ್ಲ ಕೆಂಪು ಬೋರ್ಡು ಮತ್ತು ಅದರ ಮೇಲಿನ ಬಿಳಿ ಅಕ್ಷರ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಎಣ್ಣೆಯನ್ನು ಬೇಗ ಗಟ್ಟಿ ಮಾಡುತ್ತದೆ, ಎರಡು ಮೂರು ದಿನ ಸಾಕು. ಕ್ಯಾಡ್ಮಿಯಂ, ಅಲಿಜರಿನ್ ಥರದವಕ್ಕೆ ವಾರ ದಾಟುತ್ತದೆ, ದಪ್ಪಗಿದ್ದರೆ ಇನ್ನೂ ಜಾಸ್ತಿ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡಿದ್ದು. ಅಪ್ಪಾಜಿ ಹೇಳಿದ್ದು ಇಷ್ಟೇ: "ಕೆಂಪು ಯಾವತ್ತೂ ಕಾಯಿಸ್ತೈತೆ."

ಅಂಚಿನಲ್ಲಿ ಉಗುರಿನಿಂದ ಒಂದಿಷ್ಟು ಎಬ್ಬಿಸಿ ಕೆಳಗಿನ ಪದರ ನೋಡಿದರು. ನಾನು ಹೊಳಪು ಬರಲಿ ಅಂತ ಮೊದಲ ಪದರಕ್ಕೇ ಎಣ್ಣೆ ಸುರಿದಿದ್ದೆ. ಮೇಲೆ ಬೇಗ ಬೇಗ ಎಳೆಯಲು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿದ್ದೆ. ಆಗಬೇಕಾಗಿದ್ದು ಉಲ್ಟಾ. ಕೆಳಗೆ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಇಲ್ಲದಿದ್ದರೆ ಮೇಲಿನದು ಮೊದಲು ಗಟ್ಟಿಯಾಗುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ, ಆಗ ಮೇಲಿನದು ಸೀಳುತ್ತದೆ. "ಬಸ್ಸಲ್ಲಿ ಅಂಟಿಕೊಂಡಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಗೋಡೆ ಮೇಲೆ ಬಿರುಕು ಬಿಡ್ತಿತ್ತು" ಅಂದರು.

ಆಮೇಲೆ, ನನ್ನ ಮುಖ ನೋಡದೆ, "ಎಷ್ಟು ದಿನದಿಂದ ಮಾಡ್ತಿದೀಯ ಇದನ್ನ?"

"ಒಂದು ವರ್ಷ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವೇ ಬೇಡ ಅಂದಿದ್ರಲ್ಲ ಅಪ್ಪಾಜಿ."

ಅವರು ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಸಿಟ್ಟು ಬಂತು ಅಂದುಕೊಂಡೆ. ಅಟ್ಟದ ಮೇಲೆ ಏನೋ ಸದ್ದಾಯಿತು. ಬರುವಾಗ ಕೈಯಲ್ಲಿ ತುಕ್ಕು ಹಿಡಿದ ಪುಟ್ಟಿ ಬ್ಲೇಡ್ ಇತ್ತು. "ಹಸಿ ಇದ್ದಾಗ್ಲೇ ಕೆರೀಬೇಕು, ಕೂತ್ಕೋ" ಅಂದರು. ಇಬ್ಬರೂ ಕೂತು ಮೂರು ವಾರದ ಕೆಲಸವನ್ನು ಹಿತ್ತಲಿನಲ್ಲಿ ಕೆರೆದು ಹಾಕಿದೆವು. ಆಯಿಲ್ ಪೇಂಟಿನಲ್ಲಿ ಇದೊಂದು ದೊಡ್ಡ ಅನುಕೂಲ. ಅಕ್ರಿಲಿಕ್ ಆಗಿದ್ದರೆ ಇಷ್ಟು ಸುಲಭವಾಗಿ ಕೆರೆಯಲು ಆಗುತ್ತಿರಲಿಲ್ಲ. ಅಮ್ಮ ಬಂದು ನೋಡಿ, "ಅಪ್ಪ-ಮಗಳಿಗೆ ಹುಚ್ಚು" ಅಂತ ಒಳಗೆ ಹೋದಳು.

ಒರೆಸಿದ ಬಟ್ಟೆಗಳನ್ನು ನಾನು ಮುದ್ದೆ ಮಾಡಿ ಮೂಲೆಗೆ ಎಸೆದಾಗ ಮಾತ್ರ ಅಪ್ಪಾಜಿ ರೇಗಿದರು. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿಯಾಗುತ್ತದೆ. ಬಟ್ಟೆ ಹರಡಿದ್ದರೆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆಯಾಗಿದ್ದರೆ ಒಳಗೇ ಕೂತು ತಾನಾಗಿ ಬೆಂಕಿ ಹತ್ತಬಹುದು. ಅವರ ಅಂಗಡಿಯಲ್ಲೇ ಒಮ್ಮೆ ಬೇಸಿಗೆಯಲ್ಲಿ ಚಿಂದಿಬಟ್ಟೆಯ ಡಬ್ಬಿಯಿಂದ ಹೊಗೆ ಬಂದಿತ್ತಂತೆ. ನಾನು ಒಂದು ವರ್ಷದಿಂದ ಎಣ್ಣೆಬಟ್ಟೆಗಳನ್ನು ಉಂಡೆ ಕಟ್ಟಿ ಮಂಚದ ಕೆಳಗಿನ ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದೆ ಅಂತ ಅವರಿಗೆ ಹೇಳಲಿಲ್ಲ. ನೀವು ಈ ಬರಹದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಣ್ಣೆಬಟ್ಟೆಯನ್ನು ಬಿಡಿಸಿ ಹೊರಗೆ ಒಣಹಾಕಿ, ಇಲ್ಲಾ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿ.

ಬೆಂಗಳೂರಿಗೆ ಬಂದು ಅದೇ ಕ್ಯಾನ್ವಾಸಿನ ಮೇಲೆ ಮತ್ತೆ ಶುರು ಮಾಡಿದೆ. ಅಲ್ಲಿವರೆಗೂ ನನ್ನ ಮತ್ತು ಅಪ್ಪಾಜಿಯ ಫೋನು ಎರಡು ನಿಮಿಷದ್ದು. "ಊಟ ಆಯ್ತಾ", "ಆಯ್ತು", "ಅಮ್ಮನಿಗೆ ಕೊಡ್ತೀನಿ". ಈಗ ಮೊದಲ ಪ್ರಶ್ನೆ ಬೇರೆಯಾಯಿತು. "ಬಣ್ಣ ಒಣಗ್ತಾ?"

"ಇಲ್ಲ ಅಪ್ಪಾಜಿ, ಇಲ್ಲಿ ಮೋಡ."

"ಕಿಟಕಿ ಹತ್ರ ಇಡು. ಬೀರುವಿನ ಹಿಂದೆ ಬಚ್ಚಿಡಬೇಡ."

ಬೆಳಕು, ಗಾಳಿ ಎರಡೂ ಬೇಕು ಅನ್ನುವುದು ಪುಸ್ತಕದಲ್ಲೂ ಇತ್ತು. ಬೇಗ ಮುಗಿಸಬೇಕಾದವರಿಗೆ ಆಲ್ಕಿಡ್ ಮೀಡಿಯಂ ಅಂತ ಸಿಗುತ್ತದೆ, ಬಣ್ಣಕ್ಕೆ ಬೆರೆಸಿದರೆ ಸುಮಾರು ಒಂದು ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ. ಸಸ್ಯದ ಎಣ್ಣೆಯನ್ನು ಬೇರೆ ರಾಸಾಯನಿಕಗಳ ಜೊತೆ ಕಾಯಿಸಿ ಮಾಡುವ ರಾಳ ಅದು. ಅಪ್ಪಾಜಿ ಜೀವನವಿಡೀ ಬಳಸಿದ ಎನಾಮೆಲ್ ಪೇಂಟಿನಲ್ಲಿ ಇರೋದೂ ಇದೇ ಜಾತಿಯ ರಾಳ. ಹೇಳಿದೆ. "ಹಂಗಾದ್ರೆ ನಾನೂ ಆಯಿಲ್ ಪೇಂಟರ್ರೇ ಅನ್ನು" ಅಂದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಎಣ್ಣೆ ಹಾಕಿದರೆ ಇನ್ನೂ ಬೇಗ ಅಂತ ಅವರ ಸಲಹೆ. ಅದು ಚಿತ್ರಕ್ಕೆ ಆಗಲ್ಲ, ಕಪ್ಪಾಗುತ್ತದೆ, ರಿಫೈನ್ಡ್ ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೋರ್ಡು ಐದು ವರ್ಷ ಇದ್ರೆ ಸಾಕಿತ್ತು ನಮಗೆ" ಅಂದರು.

ಒಂದು ದಿನ ಜಗನ್ಮೋಹನ ಅರಮನೆಯ ವಿಷಯ ಬಂತು. ಏಳನೇ ಕ್ಲಾಸಿನ ಟೂರಿನಲ್ಲಿ ಮೈಸೂರಿಗೆ ಹೋದಾಗ ಅಲ್ಲಿ ದೀಪಕ್ಕೆ ಕೈ ಅಡ್ಡ ಹಿಡಿದು ನಿಂತ ಹೆಂಗಸಿನ ಚಿತ್ರ ನೋಡಿದ್ದೆ. ರವಿವರ್ಮನ ಆಯಿಲ್ ಪೇಂಟಿಂಗ್ ಅಂತ ಯಾರೋ ಹೇಳಿದ್ದನ್ನು ವರ್ಷಗಟ್ಟಲೆ ನಂಬಿದ್ದೆ. ಅದು ರವಿವರ್ಮನದೂ ಅಲ್ಲ, ಆಯಿಲ್ಲೂ ಅಲ್ಲ. ಎಸ್.ಎಲ್. ಹಲ್ದಂಕರ್ ಮಾಡಿದ ವಾಟರ್ ಕಲರ್. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಅಪ್ಪಾಜಿಗೆ ರವಿವರ್ಮನ ವಿಷಯದಲ್ಲೇ ಹೆಚ್ಚು ಆಸಕ್ತಿ. ತಿರುವಾಂಕೂರು ಅರಮನೆಗೆ ಬಂದಿದ್ದ ಜೆನ್ಸನ್ ಅನ್ನುವ ಯುರೋಪಿನ ಚಿತ್ರಕಾರ ಕಲಿಸಲಿಲ್ಲ, ಕೆಲಸ ಮಾಡುವಾಗ ನೋಡಲು ಬಿಟ್ಟ, ರವಿವರ್ಮ ನೋಡೇ ಕಲಿತ ಅಂದೆ. "ನಮಗೂ ಯಾರೂ ಹೇಳ್ಕೊಡ್ಲಿಲ್ಲ. ಉಸ್ತಾದರ ಡಬ್ಬಿ ತೊಳೀತಾ ನೋಡಿದ್ದೇ" ಅಂದರು. ಅವರ ಗುರುವಿನ ಬಗ್ಗೆ ನಾನು ಕೇಳಿದ್ದು ಅದೇ ಮೊದಲು. ಆ ರಾತ್ರಿ 40 ನಿಮಿಷ ಮಾತಾಡಿದೆವು.

ಅಪ್ಪಾಜಿಯ ಹತ್ತಿರ ಒಂದು ಕೋಲು ಇತ್ತು. ಎರಡಡಿ ಉದ್ದ, ತುದಿಗೆ ಬಟ್ಟೆಯ ಉಂಡೆ. ಎಡಗೈಯಲ್ಲಿ ಹಿಡಿದು ಉಂಡೆಯನ್ನು ಬೋರ್ಡಿಗೆ ತಾಗಿಸಿ, ಕೋಲಿನ ಮೇಲೆ ಬಲಗೈ ಇಟ್ಟು ಅಕ್ಷರ ಎಳೆಯುವುದು. ಕೈ ಅಲುಗದಿರಲು, ಹಸಿ ಬಣ್ಣ ಮುಟ್ಟದಿರಲು. ಚಿಕ್ಕವಳಿದ್ದಾಗ ಅದರಲ್ಲಿ ಏಟು ತಿಂದಿದ್ದೇನೆ ಕೂಡ. ಯುರೋಪಿನ ಹಳೆಯ ಚಿತ್ರಕಾರರು ತಮ್ಮನ್ನೇ ಬಿಡಿಸಿಕೊಂಡ ಪೇಂಟಿಂಗುಗಳಲ್ಲಿ ಎಷ್ಟೋ ಕಡೆ ಕೈಯಲ್ಲಿ ಅದೇ ಕೋಲು ಇದೆ. ಮಾಲ್ ಸ್ಟಿಕ್ ಅಂತಾರೆ. ಒಂದು ಫೋಟೋ ಹುಡುಕಿ ವಾಟ್ಸಾಪ್ ಮಾಡಿದೆ. ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ. ಮಾರನೆಯ ದಿನ ಅಮ್ಮ ಹೇಳಿದಳು, ಎದುರುಮನೆಯವರಿಗೂ, ಹಾಲಿನವನಿಗೂ ಆ ಫೋಟೋ ತೋರಿಸಿದರಂತೆ.

ಈ ಸಲ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಟ್ಟಡ ಕೆಡವಿದರು. ಯುಗಾದಿಗೆ ಊರಿಗೆ ಹೋಗುವಾಗ ಚಿತ್ರದ ಮುಖಕ್ಕೆ ಏನೂ ತಾಗದ ಹಾಗೆ ನಾಲ್ಕೂ ಮೂಲೆಗೆ ಕಾರ್ಕ್ ಇಟ್ಟು, ಮೇಲೆ ರಟ್ಟು ಕಟ್ಟಿ ತಗೊಂಡು ಹೋದೆ.

ಅಪ್ಪಾಜಿ ಬಿಚ್ಚಿ, ಕಿಟಕಿ ಹತ್ತಿರ ಇಟ್ಟು, ಹಿಂದೆ ಹೋಗಿ ನಿಂತರು. ಶಟರ್, ಕಂಬ, ಹೊರಗೆ ಒಣಗಲು ಒರಗಿಸಿಟ್ಟ ನಂಬರ್ ಪ್ಲೇಟುಗಳು.

"ಬೋರ್ಡು ಖಾಲಿ ಬಿಟ್ಟಿದೀಯ."

ಆ ಅಕ್ಷರಗಳನ್ನು ನಾನು ಮೂರು ಸಲ ಬರೆದು ಮೂರು ಸಲ ಒರೆಸಿದ್ದೆ. ನನ್ನದೇ ಹೆಸರು, ಆದರೂ ಅವರು ಬರೆದ ಹಾಗೆ ತಲಕಟ್ಟು ಕೂರುತ್ತಿರಲಿಲ್ಲ. "ನೀವೇ ಬರೀರಿ ಅಪ್ಪಾಜಿ" ಅಂದೆ.

ಹತ್ತಿರ ಬಂದು ಕೆಂಪಿನ ಮೇಲೆ ಕಿರುಬೆರಳಿನ ಬೆನ್ನು ಮೆಲ್ಲಗೆ ತಾಗಿಸಿದರು. "ಒಳಗೆ ಹಸಿ ಐತೆ. ಈಗ ಬರೆಯಂಗಿಲ್ಲ." ಚಿತ್ರ ತಿರುಗಿಸಿ ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಆವತ್ತಿನ ತಾರೀಖು ಹಾಕಿದರು. ವಾರ್ನಿಷ್ ಯಾವಾಗ ಅಂತ ಕೇಳಿದರು. ಪೂರ್ತಿ ಗಟ್ಟಿಯಾಗಲು ಆರು ತಿಂಗಳಾದರೂ ಬೇಕು, ದಪ್ಪ ಇದ್ದರೆ ಒಂದು ವರ್ಷ ಅಂದೆ. ತಾರೀಖಿನ ಕೆಳಗೆ 'ವಾರ್ನಿಷ್ ದೀಪಾವಳಿ ಆದ ಮೇಲೆ' ಅಂತ ಬರೆದರು. ಬರೀ ಪೆನ್ಸಿಲ್ ಬರಹ, ಆದರೂ ಅಕ್ಷರ ಎಷ್ಟು ನೇರ!

ಈಗ ಚಿತ್ರ ದಾವಣಗೆರೆಯಲ್ಲಿದೆ, ನಡುಮನೆಯ ಕಿಟಕಿ ಪಕ್ಕ. ರಾತ್ರಿ ಫೋನ್ ಮಾಡಿ ಒಣಗ್ತಾ ಅಂತ ಕೇಳೋದು ನಾನು.

"ಇಲ್ಲ. ಅವಸರ ಮಾಡಬೇಡ" ಅಂತಾರೆ.

ಆದರೆ ನಿನ್ನೆ ಅಮ್ಮ ಹೇಳಿದಳು, ಅಟ್ಟದಿಂದ ಆ ಕೋಲು ಇಳಿಸಿ, ತುದಿಯ ಹಳೆ ಬಟ್ಟೆ ಕಿತ್ತು ಹೊಸದು ಸುತ್ತಿದ್ದಾರಂತೆ. ಹಳೆಯ ಕ್ಯಾಲೆಂಡರಿನ ಹಿಂದೆ ನನ್ನ ಹೆಸರು ಬರೆದು ಬರೆದು ನೋಡ್ತಿದ್ದಾರಂತೆ.